ಸ್ವಾಮಿ ತಂದ ಎಳನೀರು

ಗುರುವಾರ ಬೆಳಿಗ್ಗೆ ಶಾಲಿನಿ ರಾಗಿ ತೆನೆಯ ಮೇಲಿನ ಕಪ್ಪು ಪುಡಿಯನ್ನು ಗಾಜಿನ ತಟ್ಟೆಗೆ ಉದುರಿಸುತ್ತಿದ್ದಾಗ ಡಾಕ್ಟರ್ ಶಶಿಧರನ ಫೋನು ಬಂತು. ಇಬ್ಬರೂ ಮಳವಳ್ಳಿಯಲ್ಲಿ ಪಿಯುಸಿ ಒಟ್ಟಿಗೆ ಓದಿದವರು. ಅವನೀಗ ಮಂಡ್ಯದ ಒಂದು ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು.

"ನಿನ್ನ ಬೂಷ್ಟುಗಳಲ್ಲಿ ಮಿದುಳು ಸುಡೋ ಅಂಥದ್ದು ಯಾವುದಾದರೂ ಇದೆಯೇನೆ?" ಎಂದ.

ಶಾಲಿನಿಯ ಕೆಲಸವೇ ಬೂಷ್ಟು. ಪೂರಿಗಾಲಿಯ ಮೇಷ್ಟ್ರ ಮಗಳು ಅವಳು. ಮಂಡ್ಯದಲ್ಲಿ ನಾಲ್ಕೇ ಜನರ ಒಂದು ಪುಟ್ಟ ಪ್ರಯೋಗಾಲಯ ನಡೆಸುತ್ತಿದ್ದಳು. ರಾಗಿ, ಕಬ್ಬು, ಕಡಲೆಕಾಯಿ, ತೆಂಗು ಕೆಡಿಸುವ ಶಿಲೀಂಧ್ರಗಳನ್ನು ಊರೂರು ಸುತ್ತಿ ತರುವುದು, ಪ್ರತಿಯೊಂದರ ಡಿಎನ್‌ಎಯನ್ನು ತುದಿಯಿಂದ ತುದಿಯವರೆಗೆ ಓದುವುದು, ಯಾವುದಕ್ಕೆ ವಿಷ ತಯಾರಿಸುವ ಜೀನುಗಳಿವೆ ಎಂದು ಪಟ್ಟಿ ಮಾಡುವುದು. ಆರು ವರ್ಷದಿಂದ ಇದೇ ಕೆಲಸ. ಯಾರದಾದರೂ ಜೀವವನ್ನು ಇವತ್ತೇ ಉಳಿಸಬೇಕು ಎಂಬ ತುರ್ತು ಅದರಲ್ಲಿ ಒಂದು ದಿನವೂ ಬಂದಿರಲಿಲ್ಲ.

ಶಶಿಧರ್ ಹೇಳಿದ. ರೋಗಿಯ ಹೆಸರು ನಿಂಗಯ್ಯ, ಅರವತ್ತೆರಡು ವರ್ಷ, ಆತಗೂರಿಗೆ ಎರಡು ಮೈಲಿ ಆಚೆಯ ಕೊಪ್ಪಲಿನ ರೈತ. ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಎಳನೀರು ಕುಡಿದಿದ್ದಾನೆ. ಹತ್ತರ ಹೊತ್ತಿಗೆ ವಾಂತಿ. ಮಧ್ಯಾಹ್ನಕ್ಕೆ ಮಾತು ತೊದಲಿ ಕೈಕಾಲು ಹಗ್ಗ ಹೊಸೆದ ಹಾಗೆ ತಿರುಚಿಕೊಳ್ಳತೊಡಗಿವೆ. ಸಂಜೆಗೆ ಪ್ರಜ್ಞೆ ಇಲ್ಲ.

"ಎಲ್ಲರೂ ಬೆಳೆಗೆ ಹೊಡೆಯೋ ಔಷಧಿ ಹಾಕಿದಾರೆ ಅಂತಿದಾರೆ. ಪೊಲೀಸ್ ಕಂಪ್ಲೇಂಟೂ ಆಗಿದೆ. ಆದರೆ ಕಣ್ಣಿನ ಪಾಪೆ ಚಿಕ್ಕದಾಗಿಲ್ಲ, ಬಾಯಲ್ಲಿ ಜೊಲ್ಲಿಲ್ಲ, ರಕ್ತದ ಪರೀಕ್ಷೆ ಹೊಂದ್ತಿಲ್ಲ. ಸ್ಕ್ಯಾನ್ ನೋಡಿದರೆ ಮಿದುಳಿನ ಒಳಗೆ ಎಡಕ್ಕೂ ಬಲಕ್ಕೂ ಒಂದೇ ಥರದ ಮಚ್ಚೆ. ಔಷಧಿ ಅಂತ ಸುಮ್ಮನೆ ಪ್ರತಿವಿಷ ಏರಿಸಿದರೆ ನಾನೇ ಕೊಂದ ಹಾಗಾಗುತ್ತೆ. ಏನು ಮಾಡಲಿ ಹೇಳು."

ಶಾಲಿನಿ ತಟ್ಟೆಯ ಮುಚ್ಚಳ ಮುಚ್ಚಿದಳು. ಚೀನಾದ ಚಳಿ ನಾಡಿನಲ್ಲಿ ತಿಂಗಳುಗಟ್ಟಲೆ ಕೂಡಿಟ್ಟ ಕಬ್ಬು ತಿಂದ ಮಕ್ಕಳಿಗೆ ಹೀಗೇ ಆಗಿತ್ತೆಂದು ಓದಿದ್ದಳು. ಕೆಟ್ಟ ಎಳನೀರು ಕುಡಿದು ಯುರೋಪಿನಲ್ಲಿ ಒಬ್ಬ ಸತ್ತ ವರದಿಯನ್ನೂ ನೋಡಿದ್ದಳು. ಎರಡರ ಹಿಂದೆಯೂ ಒಂದೇ ಜಾತಿಯ ಬೂಷ್ಟು, ಆರ್ತ್ರೀನಿಯಂ. ಅದು ಬಿಡುವ ವಿಷ ಮಿದುಳಿನ ಜೀವಕೋಶಗಳ ಉಸಿರು ಕಟ್ಟಿಸುತ್ತದೆ. ಇಲ್ಲಿ, ಮದ್ದೂರಿನ ಸುತ್ತ, ಇಡೀ ದೇಶಕ್ಕೆ ಎಳನೀರು ಹೋಗುವ ಜಾಗದಲ್ಲಿ ಅದು ಇರಬಹುದೆಂದು ಅವಳು ಎಂದೂ ಯೋಚಿಸಿರಲಿಲ್ಲ.

"ಆ ಎಳನೀರಿನ ಬುರುಡೆ ಇನ್ನೂ ಇದೆಯಾ?" ಎಂದು ಕೇಳಿದಳು.

"ಅವನ ಹೆಂಡತಿ ತೊಡೆ ಮೇಲೆ ಇಟ್ಕೊಂಡು ಕೂತಿದಾಳೆ. ಯಾರಿಗೂ ಮುಟ್ಟಕ್ಕೆ ಬಿಡ್ತಿಲ್ಲ."

ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂಗಯ್ಯನ ಹೆಂಡತಿ ದೇವಿರಮ್ಮ ಸ್ಟೀಲ್ ಡಬ್ಬಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿದ್ದಳು. ಶಾಲಿನಿ ಪಕ್ಕದಲ್ಲಿ ನೆಲದ ಮೇಲೇ ಕೂತಳು.

"ಎರಡು ಬುರುಡೆ ಇದ್ವು. ಒಂದ ಪೊಲೀಸ್ನೋರು ತಗಂಡೋದ್ರು," ಎಂದಳು ದೇವಿರಮ್ಮ. "ಇದ್ನೂ ಕೊಟ್ಬುಟ್ರೆ ನನ್ತಾವ ಏನೈತೆ? ನಾಳೆ ಅವ್ನು ನಾ ಕೊಟ್ಟೇ ಇಲ್ಲ ಅಂತಾನೆ."

"ಯಾರು?"

"ಸ್ವಾಮಿ. ಅಗೋ, ಅಲ್ಲಿ ನಿಂತವ್ನಲ್ಲ, ಟವೆಲ್ ಒದ್ಕಂಡು. ನಮ್ಮೆಜಮಾನ್ರ ಚಿಕ್ಕಪ್ಪನ ಮಗ."

ಮೊಗಸಾಲೆಯ ಕೊನೆಯಲ್ಲಿ, ಮೆಟ್ಟಿಲ ಬಳಿ, ಐವತ್ತೈದರ ಆಸುಪಾಸಿನ ತೆಳ್ಳನೆಯ ಗಂಡಸೊಬ್ಬ ನಿಂತಿದ್ದ. ಕೂರಲು ಬೆಂಚಿದ್ದರೂ ಕೂತಿರಲಿಲ್ಲ.

ಗದ್ದೆಗೆ ನೀರು ಹಾಯುವ ಕಾಲುವೆಯ ಸರದಿಗೆ ಏಳು ವರ್ಷದ ಹಿಂದೆ ಜಗಳವಾಗಿ ಎರಡು ಮನೆಗೂ ಮಾತು ನಿಂತಿತ್ತು. ನಿಂಗಯ್ಯನಿಗೆ ನಾಲ್ಕು ದಿನದಿಂದ ಜ್ವರ ಎಂದು ಕೇಳಿ ಸ್ವಾಮಿ ಮಂಗಳವಾರ ಸಂಜೆ ಮೂರು ಎಳನೀರು ಹಿಡಿದು ಬಂದಿದ್ದ. ಅಚ್ಚುಕಟ್ಟಾಗಿ ಸಿಪ್ಪೆ ಹೆರೆದು ಪ್ಲಾಸ್ಟಿಕ್ ಸುತ್ತಿದ, ಪೇಟೆಗೆ ಕಳಿಸುವಂಥ ಎಳನೀರು.

"ಏಳ್ ವರ್ಸ ನಮ್ಮ ಒಸ್ಲು ತುಳೀದಿದ್ದೋನು ಬಂದ ಅಂತ ನಮ್ಮೆಜಮಾನ್ರು ಕಣ್ಣಾಗೆ ನೀರ್ ಆಕ್ಕಂಡ್ರು ಕಣವ್ವ. ಬೆಳಿಗ್ಗೆ ಎದ್ದು ಎರಡ ಕುಡುದ್ರು. ಒಂದ್ರ ರುಚಿ ಒಂಥರಾ ಐತೆ ಅಂದ್ರು. ತಮ್ಮ ತಂದಿರದು, ಬಿಸಾಕಬಾರ್ದು ಅಂತ ಪೂರಾ ಕುಡುದ್ರು."

ದೇವಿರಮ್ಮ ಅಳಲಿಲ್ಲ. ಡಬ್ಬಿಯ ಮೇಲಿನ ಅವಳ ಬೆರಳು ಬಿಗಿಯಾದವು. ಅದರಲ್ಲಿರುವ ಬೂಷ್ಟಿನಿಂದ ಡಾಕ್ಟರಿಗೆ ದಾರಿ ಕಾಣಬಹುದು, ಅರ್ಧ ಮಾತ್ರ ಕೆರೆದುಕೊಂಡು ಅರ್ಧ ಹಾಗೇ ಬಿಡುತ್ತೇನೆ, ನಿಮ್ಮ ಎದುರೇ ಸೀಲ್ ಮಾಡುತ್ತೇನೆ ಎಂದು ಶಾಲಿನಿ ಹೇಳಿದ ಮೇಲೆ ಕೊಟ್ಟಳು. ಪೊಲೀಸರು ಬಿಟ್ಟು ಹೋಗಿದ್ದ ಒಡೆಯದ ಮೂರನೆಯದನ್ನೂ ಕೊಟ್ಟಳು.

ಪ್ರಯೋಗಾಲಯದಲ್ಲಿ ಮುಚ್ಚಳ ತೆಗೆದಾಗ ಹುಳಿ ಹೆಂಡದ ವಾಸನೆ ಬಂತು. ಬಿಳಿ ಗಂಜಿಯ ಮೇಲೆ ಕಾಯಿಯ ಕಣ್ಣಿನ ಸುತ್ತ ಬೂದು ಬಣ್ಣದ ಮಖಮಲ್ಲಿನಂಥ ತೇಪೆ. ದೀಪಿಕ ಮುಖ ಹತ್ತಿರ ತಂದು ನೋಡಿದಳು. ದುದ್ದದ ಹುಡುಗಿ, ಎಂಎಸ್ಸಿ ಮುಗಿಸಿ ಮೂರು ವರ್ಷದಿಂದ ಇಲ್ಲೇ ಕೆಲಸ. ಡಿಎನ್‌ಎ ಓದುವ ಯಂತ್ರ ಅವಳ ಕೈಗೆ ಪಳಗಿತ್ತು.

"ತಟ್ಟೆಲಿ ಬೆಳೆಸಿ ಗುರುತು ಹಿಡಿಯಕ್ಕೆ ಒಂದು ವಾರ ಬೇಕು ಮೇಡಂ."

"ಒಂದು ವಾರ ಇಲ್ಲ. ನೇರ ಓದೋಣ."

ಕೀಟನಾಶಕ ಇದೆಯೇ ಎಂದು ನೋಡಲು ಒಂದು ತುಣುಕನ್ನು ಪರಿಚಯದ ರಾಸಾಯನಿಕ ಪ್ರಯೋಗಾಲಯಕ್ಕೆ ಕಳಿಸಿದರು. ಇನ್ನೊಂದನ್ನು ಮೈಸೂರಿಗೆ ಕಳಿಸಿದರು. ಬೂಷ್ಟಿನ ವಿಷವನ್ನೇ ಅಳೆಯಬಲ್ಲ ಯಂತ್ರ ಅಲ್ಲಿತ್ತು, ಆದರೆ ಫಲಿತಾಂಶಕ್ಕೆ ಮೂರು ದಿನ. ಉಳಿದದ್ದು ಇವರ ಪಾಲಿಗೆ. ಶಿಲೀಂಧ್ರದ ಜೀವಕೋಶದ ಗೋಡೆ ಗಟ್ಟಿ, ಸುಲಭಕ್ಕೆ ಒಡೆಯುವುದಿಲ್ಲ. ದನಗಳ ಆಸ್ಪತ್ರೆಯಿಂದ ಕ್ಯಾನಿನಲ್ಲಿ ಕಡ ತಂದ ದ್ರವ ಸಾರಜನಕ ಸುರಿದು, ಗಡ್ಡೆ ಕಟ್ಟಿಸಿ, ಕುಟ್ಟಾಣಿಯಲ್ಲಿ ಪುಡಿ ಮಾಡಿ ಡಿಎನ್‌ಎ ತೆಗೆದರು. ಸಂಜೆ ನಾಲ್ಕಕ್ಕೆ ಯಂತ್ರಕ್ಕೆ ಬಿಟ್ಟರು. ಕನ್ನಡಕದ ಡಬ್ಬಿಯಷ್ಟು ದೊಡ್ಡ ಯಂತ್ರ. ಡಿಎನ್‌ಎಯ ಎಳೆಗಳು ಅದರೊಳಗಿನ ಅತಿ ಸಣ್ಣ ರಂಧ್ರಗಳಲ್ಲಿ ಹಾದು ಹೋಗುವಾಗ ಅಕ್ಷರಗಳಾಗಿ ಲ್ಯಾಪ್‌ಟಾಪಿನ ಪರದೆಗೆ ಬರುತ್ತವೆ.

ಬಂದವು. ನೂರಕ್ಕೆ ತೊಂಬತ್ತಾರು ತೆಂಗಿನದೇ.

"ಗಂಜಿ ಜಾಸ್ತಿ ಬಂದುಬಿಟ್ಟಿದೆ," ಎಂದಳು ದೀಪಿಕ, ತುಟಿ ಕಚ್ಚಿಕೊಂಡು. "ತಪ್ಪು ನಂದೇ. ಬೂಷ್ಟು ಅಷ್ಟನ್ನೇ ಕೆರೆದು ಬೆಳಿಗ್ಗೆ ಮತ್ತೆ ಶುರು ಮಾಡ್ತೀನಿ."

ಒಂದು ದಿನ ಹೋಯಿತು. ಶುಕ್ರವಾರ ದೀಪಿಕ ಆರಕ್ಕೇ ಬಂದು ಮೊದಲಿನಿಂದ ಶುರು ಮಾಡಿದಳು. ಹತ್ತು ಗಂಟೆಗೆ ರಾಸಾಯನಿಕ ಪ್ರಯೋಗಾಲಯದಿಂದ ಫಲಿತಾಂಶ ಬಂತು. ಯಾವ ಕೀಟನಾಶಕವೂ ಇರಲಿಲ್ಲ. ಶಾಲಿನಿ ಅದನ್ನು ಶಶಿಧರನಿಗೆ ತಿಳಿಸಲು ತಾನೇ ಆಸ್ಪತ್ರೆಗೆ ಹೋದಳು. ಅವನು ನಿಟ್ಟುಸಿರು ಬಿಟ್ಟು, ಪ್ರತಿವಿಷದ ಚೀಟಿಯನ್ನು ಹರಿದು ಹಾಕಿದ.

ಹೊರಗೆ ದೇವಿರಮ್ಮ ಕಾಯುತ್ತಿದ್ದಳು. "ಏನಂತೆ?"

"ಎಳನೀರಲ್ಲಿ ಹೊಲಕ್ಕೆ ಹೊಡೆಯೋ ಔಷಧಿ ಇಲ್ಲ ಕಣಮ್ಮ."

"ಅಂಗಾರೆ ಏನೈತೆ?"

"ಇನ್ನೂ ನೋಡ್ತಿದ್ದೀವಿ."

ದೇವಿರಮ್ಮ ಅವಳ ಮುಖವನ್ನೇ ದಿಟ್ಟಿಸಿ ಒಳಗೆ ಹೋದಳು. ಅಷ್ಟರಲ್ಲಿ ಸ್ವಾಮಿ ಮೆಟ್ಟಿಲ ಬಳಿಯಿಂದ ಬಂದಿದ್ದ. ಮೂರು ದಿನದ ಗಡ್ಡ, ಕೆಂಪು ಕಣ್ಣು.

"ಮೇಡಮ್ಮೋರೆ, ಇಸ ಇಲ್ಲ ಅಂದ್ರಿ ತಾನೆ?"

"ಔಷಧಿ ಇಲ್ಲ. ಅಷ್ಟು ಹೇಳಬಲ್ಲೆ."

"ಅಷ್ಟ್ ಸಾಕು ಬುಡಿ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಊರಾಗೆ ನಮ್ಮನೆ ಮುಂದೆ ಬಂದು ಉಗೀತಾವ್ರೆ. ನೀರಿಗೂ ಕರೀತಿಲ್ಲ ನನ್ನೆಂಡ್ತೀನ."

ಬೂಷ್ಟಿನ ಮಾತು ಶಾಲಿನಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈಯಲ್ಲಿ ಪುರಾವೆ ಇರಲಿಲ್ಲ. ಕಾಣದ್ದನ್ನು ಕಂಡಂತೆ ಹೇಳಬಾರದು ಎಂಬುದು ಅವಳ ಕೆಲಸದಲ್ಲಿ ಮೈಗೂಡಿದ ನಡತೆ. ಅದರ ಬದಲಿಗೆ, "ಅವನ್ನ ಎಲ್ಲಿಂದ ತಂದ್ರಿ?" ಎಂದು ಕೇಳಿದಳು.

"ಪ್ಯಾಕಿಂಗ್ ಸೆಡ್ನಾಗೆ. ನಾ ಅಲ್ಲೇ ಲೋಡಿಂಗ್ ಕೆಲ್ಸ ಮಾಡೋದು. ಕೊಂಡ್ಕಂಡ್ ತಂದೆ." ಹೇಳುವಾಗ ಅವನು ನೆಲ ನೋಡಿದ. ಶೆಡ್ಡಿನ ಯಜಮಾನ ಸ್ವರೂಪನ ಫೋನ್ ನಂಬರನ್ನೂ, ತನ್ನ ಮನೆಯದನ್ನೂ ಕೊಟ್ಟು, ಬಸ್ಸಿಗೆಂದು ಅವಸರವಾಗಿ ಇಳಿದು ಹೋದ.

ಪ್ರಯೋಗಾಲಯದಲ್ಲಿ ಹನ್ನೆರಡೂ ನಲವತ್ತಕ್ಕೆ ದೀಪಿಕ ಕೂಗಿದಳು. ಶಾಲಿನಿ ಪಕ್ಕದ ಕೋಣೆಯಿಂದ ಓಡಿ ಬಂದಳು.

"ಆರ್ತ್ರೀನಿಯಂ ಮೇಡಂ. ನಾಲ್ಕು ಸಾವಿರ ಎಳೆ ಓದಿಯಾಯ್ತು, ಮೂರು ಸಾವಿರದ ಮೇಲೆ ಅದೇ."

"ವಿಷದ ಜೀನು?"

ದೀಪಿಕ ಎರಡು ಸಾಲು ತೋರಿಸಿದಳು. ಬೇರೆ ಶಿಲೀಂಧ್ರಗಳಲ್ಲಿ ಇದೇ ವಿಷ ತಯಾರಿಸುವುದೆಂದು ಗೊತ್ತಿದ್ದ ಎರಡು ಜೀನುಗಳು. ಅವನ್ನು ಹೋಲುವ ಎರಡು ಇಲ್ಲೂ ಅಕ್ಕಪಕ್ಕದಲ್ಲೇ ಕೂತಿದ್ದವು. ಶಾಲಿನಿ ಕುರ್ಚಿ ಎಳೆದುಕೊಂಡು ಅಕ್ಷರ ಅಕ್ಷರ ನೋಡಿದಳು. ಹೌದು. ಆದರೆ ಜೀನು ಇದ್ದ ಮಾತ್ರಕ್ಕೆ ವಿಷ ತಯಾರಾಗಿದೆ ಎಂದಲ್ಲ. ಮನೆಯಲ್ಲಿ ಒಲೆ ಇದೆ ಎಂದರೆ ಅಡುಗೆಯಾಗಿದೆ ಎಂದಲ್ಲವಲ್ಲ, ಹಾಗೆ. ಮೈಸೂರಿನ ಫಲಿತಾಂಶ ಭಾನುವಾರಕ್ಕೆ.

ಉಳಿದ ಎಳನೀರು ಎಲ್ಲಿವೆ ಎಂಬ ಪ್ರಶ್ನೆ ಮಾತ್ರ ಭಾನುವಾರದವರೆಗೆ ಕಾಯುವಂಥದ್ದಲ್ಲ. ಶೆಡ್ಡಿಗೆ ಫೋನ್ ಮಾಡಿದಳು. ಸ್ವರೂಪ್ ಹೆದರಿದ ದನಿಯಲ್ಲಿ ಮಾತಾಡಿದ.

"ಮೇಡಂ, ನಾವು ಸ್ವಾಮಣ್ಣನಿಗೆ ಏನೂ ಮಾರಿಲ್ಲ. ಕೋಲ್ಡ್ ರೂಮು ನಾಲ್ಕು ದಿನ ಕೆಟ್ಟು ನಿಂತಿತ್ತು. ಅದರೊಳಗಿದ್ದ ಬಾಕ್ಸನ್ನೆಲ್ಲ ಗುಂಡಿಗೆ ಬಿಸಾಕ್ರಿ ಅಂತ ಸೋಮವಾರ ನಾನೇ ಹೇಳಿದ್ದೆ. ಮೇಲೆ ನೋಡಕ್ಕೆ ಚೆನ್ನಾಗಿದ್ವು. ಅದರಲ್ಲೇ ಒಂದಷ್ಟು ಎತ್ಕೊಂಡು ಹೋಗಿರಬೇಕು. ಇಲ್ಲೇ ಕೆಲಸ ಮಾಡೋ ಮಂಚಮ್ಮನೂ ನಾಲ್ಕು ಒಯ್ದಳು ಅಂತಾರೆ, ಮಳವಳ್ಳಿಗೆ, ಬಾಣಂತಿ ಮಗಳ ಮನೆಗೆ."

"ಮಿಕ್ಕಿದ್ದೆಲ್ಲ ಗುಂಡಿಲಿ ಇದೆಯಾ? ಈಗಲೇ ಹೋಗಿ ಎಣಿಸಿ. ಮಣ್ಣು ಮುಚ್ಚಿಸಿ. ಮಂಚಮ್ಮನ ಮಗಳ ನಂಬರು ನನಗೆ ಕಳಿಸಿ."

ಆಮೇಲೆ ಸ್ವಾಮಿಯ ಮನೆಗೆ. ಅವನ ಹೆಂಡತಿ ಮಾಯಮ್ಮ ಫೋನ್ ಎತ್ತಿದಳು.

"ಅವ್ರಿಲ್ಲ ಕಣಮ್ಮ, ಕಟ್ಟೆ ತಾವ ಓದ್ರು. ಮನೇಲಿ ಇನ್ನೆರಡು ಎಳನೀರಿದ್ವು, ಅವ ತಗಂಡು. ಇಸ ಇಲ್ಲ ಅಂತ ಮಂಡ್ಯದ ಮೇಡಮ್ಮೇ ಅಂದವ್ರೆ, ಎಲ್ಲಾರ್ ಮುಂದೆ ಕುಡುದ್ ತೋರಿಸ್ತೀನಿ ಅಂದ್ರು."

ಶಾಲಿನಿ ಎದ್ದು ನಿಂತಳು.

"ಬೇಡ ಅನ್ನಿ. ಓಡಿಹೋಗಿ ಹೇಳಿ. ಅದರಲ್ಲಿ ಬೂಷ್ಟಿನ ವಿಷ ಇರಬಹುದು."

"ಏನಾಗಕಿಲ್ಲ ಬುಡಿ. ಮೂರಿದ್ವು, ಒಂದ ನಾನೇ ಕುಡುದ್ನಲ್ಲ ಮಂಗ್ಳಾರ. ಗುಂಡ್ಕಲ್ಲಂಗಿವ್ನಿ."

"ಮಾಯಮ್ಮ, ಕೇಳಿ. ಒಂದು ಚೆನ್ನಾಗಿದ್ದರೆ ಇನ್ನೊಂದೂ ಚೆನ್ನಾಗಿರುತ್ತೆ ಅಂತಲ್ಲ. ನಿಂಗಯ್ಯನೋರಿಗೆ ಆಗಿದ್ದು ನಿಮ್ಮ ಯಜಮಾನರಿಗೂ ಆಗುತ್ತೆ. ಅವರ ಹತ್ತಿರ ಫೋನಿದೆಯಾ?"

ಆಗ ಅವಳ ದನಿ ಬದಲಾಯಿತು. "ಇಲ್ಲ... ಇದೇ ಒಂದು. ದೊಡ್ಡಸಿದ್ದಯ್ಯ ಗದ್ದೆಯಿಂದ ಬರ್ಲಿ, ಅವ್ರ ಎದ್ರಿಗೇ ಆಗ್ಲಿ ಅಂತ ಕಾಯ್ತಾವ್ರೆ. ನಂಗೆ ಮಂಡಿ ನೋವು ಕಣವ್ವ, ಓಡಕಾಗಕಿಲ್ಲ. ಓಯ್ತೀನಿ, ಓಯ್ತೀನಿ." ಫೋನನ್ನು ಮಂಚದ ಮೇಲೆ ಎಸೆದ ಸದ್ದು ಕೇಳಿಸಿತು. ಆಮೇಲೆ ಕೂಗಿದರೂ ಉತ್ತರವಿಲ್ಲ.

ಶಾಲಿನಿ ಕಾರಿನ ಕೀಲಿ ಎತ್ತಿಕೊಂಡಳು. ಮಳವಳ್ಳಿಯ ಮನೆಗೆ ಫೋನ್ ಮಾಡುವುದನ್ನು ದೀಪಿಕಳಿಗೆ ಒಪ್ಪಿಸಿದಳು. ಊರಿನ ಹತ್ತಿರ ಯಾರಾದರೂ ಪೊಲೀಸರಿದ್ದರೆ ಕಟ್ಟೆಗೆ ಕಳಿಸಲು ಹೇಳು ಎಂದು ಶಶಿಧರನಿಗೆ ತಿಳಿಸಿದಳು. ಮಂಡ್ಯದಿಂದ ಮದ್ದೂರಿಗೆ ಹೆದ್ದಾರಿ. ಕಬ್ಬಿನ ಟ್ರಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು ಸಾಗುತ್ತಿದ್ದವು. ಒಂದೊಂದನ್ನು ದಾಟುವಾಗಲೂ ಮಾಯಮ್ಮನ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮಂಡ್ಯದ ಮೇಡಮ್ಮೇ ಅಂದವ್ರೆ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಔಷಧಿ ಇಲ್ಲ ಎಂದಳು, ಇರಲಿಲ್ಲ. ಆದರೆ ಎದುರಿಗಿದ್ದವನು ಏನನ್ನು ಕೇಳಿಸಿಕೊಂಡ ಎಂಬುದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಸುಮ್ಮನೆ ಮೆಟ್ಟಿಲಿಳಿಯಲು ಬಿಟ್ಟಿದ್ದಳು.

ಮದ್ದೂರು ದಾಟಿ ಆತಗೂರಿನ ರಸ್ತೆಗೆ ತಿರುಗಿದಾಗ ಒಂದೂ ಇಪ್ಪತ್ತು. ದೀಪಿಕಳ ಫೋನ್ ಬಂತು.

"ಮಳವಳ್ಳಿ ಮನೇಲಿ ನಾಲ್ಕೂ ಹಾಗೇ ಇವೆ ಮೇಡಂ. ಬಾಣಂತಿಗೆ ತಂಡಿ ಆಗುತ್ತೆ ಅಂತ ಅವರತ್ತೆ ಮುಟ್ಟಕ್ಕೆ ಬಿಟ್ಟಿಲ್ಲ. ಮೂಲೇಲಿ ಇಟ್ಟಿದಾರೆ. ಆಶಾ ಕಾರ್ಯಕರ್ತೆ ಹೋಗಿ ತಗೋತಾರೆ."

ಶಾಲಿನಿ ಫೋನನ್ನು ಪಕ್ಕದ ಸೀಟಿಗೆ ಹಾಕಿ ಗೇರು ಬದಲಿಸಿದಳು.

ಕೊಪ್ಪಲಿನ ಅರಳಿಕಟ್ಟೆಯ ಸುತ್ತ ಮೂವತ್ತು ನಲವತ್ತು ಜನ. ಕಾರು ನಿಲ್ಲಿಸಿ ಬಾಗಿಲನ್ನೂ ಮುಚ್ಚದೆ ಓಡಿದಳು. ಸ್ವಾಮಿ ಕಟ್ಟೆಯ ಮೇಲೆ ನಿಂತಿದ್ದ. ಒಂದು ಎಳನೀರು ಪಕ್ಕದಲ್ಲಿ, ಇನ್ನೊಂದು ಕೈಯಲ್ಲಿ, ಕೊಚ್ಚಿ ತೂತು ಮಾಡಿತ್ತು. ಕೆಳಗೆ ಮಾಯಮ್ಮ ಅವನ ಪಂಚೆಯ ಅಂಚು ಹಿಡಿದು ಎಳೆಯುತ್ತ ಅಳುತ್ತಿದ್ದಳು. ಯಾರೋ ನಗುತ್ತಿದ್ದರು.

"ಎಂಡ್ತಿ ಕೈಲಿ ಅಳ್ಸಿ ತಪ್ಪಿಸ್ಕೋತೀಯೇನ್ಲಾ? ಕುಡಿ ನೋಡವ," ಎಂದಿತು ಗುಂಪಿನಿಂದ ಒಂದು ದನಿ.

"ಕುಡೀಬೇಡಿ!" ಶಾಲಿನಿ ಕಿರುಚಿದಳು. "ಸ್ವಾಮಣ್ಣ, ಕೆಳಗಿಡಿ ಅದನ್ನ!"

ಜನ ತಿರುಗಿದರು. ಕಟ್ಟೆಯ ಮೇಲೆ ಕೂತಿದ್ದ ದೊಡ್ಡಸಿದ್ದಯ್ಯ ಕೈಯೆತ್ತಿ ಅವಳನ್ನು ತಡೆದ. ಎಪ್ಪತ್ತು ದಾಟಿದ ಹಿರಿಯ, ಊರಿನ ಪಂಚಾಯ್ತಿಗಳೆಲ್ಲ ಅವನ ಎದುರೇ ಆಗುತ್ತಿದ್ದವು.

"ಯಾವೂರಮ್ಮ ನಿಂದು? ಯಾರ ಮಗಳು?"

ಆ ಪ್ರಶ್ನೆಯೊಳಗೆ ಏನಿದೆ ಎಂದು ಶಾಲಿನಿಗೆ ಚಿಕ್ಕಂದಿನಿಂದ ಗೊತ್ತಿತ್ತು.

"ಪೂರಿಗಾಲಿ. ಸಿದ್ದರಾಜು ಮೇಷ್ಟ್ರ ಮಗಳು. ನಮ್ಮ ಕೇರಿ ಯಾವುದು ಅಂತ ಆಮೇಲೆ ವಿಚಾರಿಸಿಕೊಳ್ಳಿ. ನಿಂಗಯ್ಯನೋರು ಕುಡಿದ ಎಳನೀರನ್ನ ಪರೀಕ್ಷೆ ಮಾಡ್ತಿರೋಳು ನಾನೇ. ಅದರೊಳಗೆ ಬೂಷ್ಟು ಬೆಳೆದಿದೆ. ಆ ಬೂಷ್ಟು ವಿಷ ಬಿಡುತ್ತೆ. ಯಾರೂ ಹಾಕಿದ್ದಲ್ಲ, ತಾನಾಗೇ ಆಗಿದ್ದು."

"ಬೆಳಿಗ್ಗೆ ಇಲ್ಲ ಅಂದ್ರಲ್ಲ ನೀವೇ?" ಸ್ವಾಮಿ ಕೇಳಿದ. ಅವನ ಮುಖದಲ್ಲಿ ಮೋಸ ಹೋದವನ ದಿಗ್ಭ್ರಮೆ.

"ಔಷಧಿ ಇಲ್ಲ ಅಂದೆ. ಪೂರ್ತಿ ಹೇಳದೇ ಇದ್ದದ್ದು ನನ್ನ ತಪ್ಪು. ಮುಕ್ಕಾಲು ಗಂಟೆ ಹಿಂದಷ್ಟೇ ಗೊತ್ತಾಯ್ತು."

"ಎಂಗೆ ಗೊತ್ತಾಯ್ತು?" ದೊಡ್ಡಸಿದ್ದಯ್ಯ ಕೇಳಿದ.

"ಪ್ರತಿಯೊಂದು ಜೀವದ ಒಳಗೂ ಅದರ ಬರಹ ಇರುತ್ತೆ ಅಯ್ಯ. ಈ ಬೂಷ್ಟಿನ ಬರಹ ಓದಿದ್ವಿ. ವಿಷ ಮಾಡೋದು ಹೇಗೆ ಅಂತ ಅದರಲ್ಲಿದೆ."

"ಮಾಡೈತೆ ಅಂತನೂ ಐತಾ?"

ಮುದುಕ ಸರಿಯಾದ ಜಾಗಕ್ಕೇ ಕೈ ಹಾಕಿದ್ದ. ಶಾಲಿನಿ ಮುಚ್ಚಿಡಲಿಲ್ಲ. "ಅದು ಭಾನುವಾರ ತಿಳಿಯುತ್ತೆ. ಆದರೆ ಅಲ್ಲಿವರೆಗೆ ಇದನ್ನ ನನ್ನ ಮನೆಯೋರು ಯಾರೂ ಕುಡಿಯಕ್ಕೆ ನಾನು ಬಿಡಲ್ಲ."

ಗುಂಪಿನಲ್ಲಿ ಗುಜುಗುಜು ಎದ್ದಿತು. "ಇಬ್ರೂ ಮಾತಾಡ್ಕಂಡವ್ರೆ," "ಕಾಸ್ ಕೊಟ್ಟವ್ನೆ ಕಣ್ಲಾ" ಎಂದೆಲ್ಲ. ಶಾಲಿನಿ ಅದನ್ನು ಲೆಕ್ಕಿಸದೆ ಸ್ವಾಮಿಯನ್ನೇ ನೋಡಿದಳು.

"ಸ್ವಾಮಣ್ಣ, ಸ್ವರೂಪ್ ಜೊತೆ ಮಾತಾಡಿದೆ. ಇವು ಎಲ್ಲಿಂದ ಬಂದ್ವು ಅಂತ ನೀವೇ ಹೇಳಿಬಿಡಿ. ಮುಗಿದು ಹೋಗುತ್ತೆ."

ಸ್ವಾಮಿ ಕಟ್ಟೆಯ ಸುತ್ತ ನಿಂತಿದ್ದ ಒಂದೊಂದು ಮುಖವನ್ನೂ ನೋಡಿದ. ಆಮೇಲೆ ಕಣ್ಣು ಮುಚ್ಚಿ ಎಳನೀರನ್ನು ಬಾಯಿಗೆತ್ತಿ ಗಟಗಟ ಕುಡಿಯತೊಡಗಿದ.

ಮಾಯಮ್ಮ ಚೀರಿದಳು. ಶಾಲಿನಿ ಕಟ್ಟೆಯ ಮೇಲೆ ನುಗ್ಗಿ ಎರಡೂ ಕೈಯಿಂದ ಬುರುಡೆ ಹಿಡಿದು ಎಳೆದಳು. ಅವನು ಬಿಡಲಿಲ್ಲ. ನೀರು ಇಬ್ಬರ ಎದೆ ಮೇಲೂ ಚೆಲ್ಲಿತು. ದೊಡ್ಡಸಿದ್ದಯ್ಯನೇ ಎದ್ದು ಅವನ ಮೊಣಕೈಗೆ ಬಲವಾಗಿ ಹೊಡೆದಾಗ ಬುರುಡೆ ಬಿದ್ದು ಕಟ್ಟೆಯ ಕೆಳಗೆ ಉರುಳಿತು.

"ಯಾಕ್ಲಾ ಸಾಯಕ್ಕೋಯ್ತೀಯ?" ದೊಡ್ಡಸಿದ್ದಯ್ಯ ಗದರಿದ. "ನಿಜ ಏಳೋ ಅಂದ್ರೆ ಏಳಕೇನು?"

ಸ್ವಾಮಿ ಕುಸಿದು ಕೂತ. "ಬಿಸಾಕಿದ್ವು ಕಣಯ್ಯ," ಎಂದ. "ಗುಂಡಿಗೆ ಆಕಿ ಅಂದಿದ್ರು. ಚೆಂದಾಗೈತಲ್ಲ ಅಂತ ಆರು ಎತ್ಕಂಡೆ. ಏಳ್ ವರ್ಸ ಆದ್ಮೇಲೆ ಅಣ್ಣನ್ ಮನೆಗೋಯ್ತಾ ಬಿಸಾಕಿದ್ದ ಇಡ್ಕೊಂಡೋದೆ ಅಂತ... ಎಂಗಯ್ಯ ಬಾಯ್ಬುಟ್ಟು ಏಳದು ಇಷ್ಟ್ ಜನದ ಮುಂದೆ?"

ನಗುತ್ತಿದ್ದವನು ಗುಂಪಿನ ಹಿಂದಕ್ಕೆ ಸರಿದ.

ಶಾಲಿನಿ ಅವನಿಗೆ ಉಪ್ಪುನೀರು ಕುಡಿಸಲು ಬಂದವರನ್ನು ತಡೆದು, ಬೇಡ, ಆಸ್ಪತ್ರೆಯೇ ಸರಿ ಎಂದು ಕಾರಿಗೆ ಹತ್ತಿಸಿದಳು. ಬಿದ್ದ ಬುರುಡೆಯನ್ನೂ ಒಡೆಯದ ಎಳನೀರನ್ನೂ ಬೇರೆಬೇರೆ ಚೀಲದಲ್ಲಿ ಕಟ್ಟಿಕೊಂಡಳು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಮಾಯಮ್ಮ ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು, ತಿರುಚಿಕೊಳ್ಳುತ್ತಿವೆಯೋ ಎಂದು.

ಆಸ್ಪತ್ರೆಯಲ್ಲಿ ಶಶಿಧರ್ ನೇರ ಮಾತಾಡಿದ. "ಇದಕ್ಕೆ ಪ್ರತಿವಿಷ ಅಂತ ಯಾವುದೂ ಇಲ್ಲ. ಹೊಟ್ಟೆಲಿ ಉಳಿದಿರೋದನ್ನ ಹೀರಿಕೊಳ್ಳೋ ಹಾಗೆ ಇದ್ದಿಲ ಪುಡಿ ಕೊಡ್ತೀವಿ. ಆಮೇಲೆ ಕಾಯೋದು. ನಿಂಗಯ್ಯಂಗೆ ಮೂರು ಗಂಟೆಲಿ ಶುರುವಾಗಿತ್ತು."

ನಾಲ್ಕೂವರೆಗೆ ಮೂರು ಗಂಟೆ ತುಂಬಿತು. ಸ್ವಾಮಿ ಒಂದು ಸಲ ವಾಂತಿ ಮಾಡಿದ. ಮಾಯಮ್ಮ ಗೋಡೆಗೆ ಹಣೆ ಹಚ್ಚಿದಳು. ಐದಕ್ಕೆ ಶಶಿಧರ್ ಅವನಿಗೆ ತನ್ನ ಹೆಸರು, ಊರು, ವಾರ ಹೇಳಲು ಹೇಳಿದ. ಹೇಳಿದ. ಕೈ ಚಾಚಲು ಹೇಳಿದ. ಬೆರಳು ನಡುಗಿದವು, ಆದರೆ ನೆಟ್ಟಗೇ ಇದ್ದವು. ಆರಕ್ಕೆ ಮತ್ತೆ. ಏಳಕ್ಕೆ ಮತ್ತೆ. ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತು ದೇವಿರಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಕಟ್ಟೆಯಲ್ಲಿ ನಡೆದದ್ದು ಫೋನಿನಲ್ಲಿ ಅವಳಿಗಾಗಲೇ ತಲುಪಿತ್ತು.

ಕೊನೆಗೆ ಒಳಗೆ ಬಂದಳು. ಸ್ವಾಮಿ ಏಳಲು ನೋಡಿದ.

"ಬಿಸಾಕಿದ್ದ ತಂದ್ಕೊಟ್ಟಾ?" ಎಂದಳು.

"ಊಂ ಅತ್ಗೆ."

"ಅವ್ರು ರುಚಿ ಸರಿಯಿಲ್ಲ ಅಂದ್ರೂ ನೀ ತಂದೆ ಅಂತ ಪೂರಾ ಕುಡುದ್ರು. ಗೊತ್ತೇನ್ಲಾ?"

ಸ್ವಾಮಿಗೆ ಗೊತ್ತಿರಲಿಲ್ಲ. ಟವೆಲನ್ನು ಬಾಯಿಗೆ ಒತ್ತಿಕೊಂಡ. ದೇವಿರಮ್ಮ ಹೊರಟು ಹೋದಳು.

ಸ್ವಾಮಿಗೆ ಏನೂ ಆಗಲಿಲ್ಲ. ಶನಿವಾರ ದೀಪಿಕ ಕಟ್ಟೆಯಿಂದ ತಂದ ಎರಡು ಎಳನೀರಿನ, ದೇವಿರಮ್ಮ ಕೊಟ್ಟಿದ್ದ ಒಡೆಯದ ಒಂದರ ಪರೀಕ್ಷೆ ಮುಗಿಸಿದಳು. ದೇವಿರಮ್ಮನ ಒಡೆಯದ ಕಾಯಲ್ಲೂ ಸ್ವಾಮಿ ಕುಡಿದದ್ದರಲ್ಲೂ ಬೂಷ್ಟಿನ ಸುಳಿವೇ ಇರಲಿಲ್ಲ. ಕಟ್ಟೆಯ ಮೇಲೆ ಪಕ್ಕದಲ್ಲಿಟ್ಟಿದ್ದ, ಆಮೇಲೆ ಕುಡಿಯಲೆಂದು ತಂದಿದ್ದ ಇನ್ನೊಂದರಲ್ಲಿ ಕಣ್ಣಿನ ಕೆಳಗೆ ಬೂದು ತೇಪೆ ಅಂಗೈಯಗಲ ಹಬ್ಬಿತ್ತು. ದೀಪಿಕ ಅದನ್ನು ಹೋಳು ಮಾಡಿ ತೋರಿಸಿದಾಗ ಶಾಲಿನಿ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ.

ಭಾನುವಾರ ಮೈಸೂರಿನಿಂದ ಉತ್ತರ ಬಂತು. ನಿಂಗಯ್ಯ ಕುಡಿದ ಬುರುಡೆಯಲ್ಲಿ ಅದೇ ವಿಷ, ಧಾರಾಳವಾಗಿ. ಶಾಲಿನಿ ವರದಿ ಬರೆದು ಪೊಲೀಸರಿಗೂ ಆರೋಗ್ಯ ಇಲಾಖೆಗೂ ಕೊಟ್ಟಳು. ದೂರನ್ನು ಮುಚ್ಚಲಾಯಿತು. ಸ್ವರೂಪ್ ಶೆಡ್ಡನ್ನು ಒಂದು ತಿಂಗಳು ನಿಲ್ಲಿಸಿದ. ಬಿಸಾಕುವ ಕಾಯನ್ನು ಇನ್ನು ಮುಂದೆ ಹಾಗೇ ಎಸೆಯದೆ ಕೊಚ್ಚಿಯೇ ಎಸೆಯಬೇಕೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ.

ಶಾಲಿನಿಗೆ ಮಾತ್ರ ಕಟ್ಟೆಯ ಮೇಲಿನ ಆ ಕ್ಷಣ ಬಿಡಲಿಲ್ಲ. ಬೂಷ್ಟಿನ ಜೀನೋಮು ಈಗ ತುದಿಯಿಂದ ತುದಿಯವರೆಗೆ ಅವಳ ಬಳಿ ಇತ್ತು, ಒಂದು ಅಕ್ಷರವೂ ಬಿಡದೆ. ಅದನ್ನು ಬರೆದು ಪ್ರಕಟಿಸಬೇಕೆಂದು ದೀಪಿಕ ಅವಸರಿಸುತ್ತಿದ್ದಳು. ಅದಕ್ಕೂ ಮೊದಲು ಶಾಲಿನಿ ಒಂದು ಹಾಳೆಯ ಕರಪತ್ರ ಬರೆದಳು. ಹುಳಿ ವಾಸನೆ ಬಂದರೆ, ಗಂಜಿ ಬೂದಾಗಿದ್ದರೆ, ರುಚಿ ಕೆಟ್ಟಿದ್ದರೆ, ಯಾರು ಕೊಟ್ಟದ್ದಾದರೂ ಸರಿ, ಚೆಲ್ಲಿಬಿಡಿ. 'ಯಾರು ಕೊಟ್ಟದ್ದಾದರೂ ಸರಿ' ಎಂಬ ಮಾತು ವೈಜ್ಞಾನಿಕವಲ್ಲ ಎಂದಳು ದೀಪಿಕ. ಇರಲಿ ಬಿಡು ಎಂದಳು ಶಾಲಿನಿ.

ನಿಂಗಯ್ಯ ಒಂಬತ್ತನೆಯ ದಿನ ಕಣ್ಣು ಬಿಟ್ಟ. ಹದಿನಾರನೆಯ ದಿನ ಹೆಂಡತಿಯ ಹೆಸರು ಹೇಳಲು ಹೋಗಿ 'ದೇ' ಎನ್ನುವಷ್ಟಕ್ಕೆ ನಿಂತ. ಎಡಗೈ ಒಳಕ್ಕೆ ಮಡಿಚಿಕೊಂಡೇ ಇತ್ತು. ಅದು ಪೂರ್ತಿ ಸರಿಹೋಗಲಾರದೆಂದು ಶಶಿಧರ್ ಮುಚ್ಚಿಡದೆ ಹೇಳಿದ.

ಶಾಲಿನಿ ಕೊನೆಯ ಸಲ ಆ ವಾರ್ಡಿಗೆ ಹೋದಾಗ ಬೆಳಗಿನ ಹತ್ತು ಗಂಟೆ. ನಿಂಗಯ್ಯನನ್ನು ಮೊದಲ ಬಾರಿಗೆ ನಿಲ್ಲಿಸಿ ನಡೆಸುವ ದಿನ. ನರ್ಸು ಒಂದು ಪಕ್ಕ ಹಿಡಿದಿದ್ದಳು, ಇನ್ನೊಂದು ಪಕ್ಕ ದೇವಿರಮ್ಮ. ಎರಡು ಹೆಜ್ಜೆಗೆ ಅವನ ಭಾರ ಅವಳ ಮೇಲೆ ಬಿದ್ದು ಅವಳೂ ವಾಲಿದಳು. ಬಾಗಿಲ ಆಚೆ ಸ್ವಾಮಿ ನಿಂತಿದ್ದ. ದಿನವೂ ಬರುತ್ತಿದ್ದ, ಒಳಗೆ ಕಾಲಿಟ್ಟಿರಲಿಲ್ಲ.

"ಏನ್ಲಾ ನೋಡ್ತಾ ನಿಂತೆ?" ದೇವಿರಮ್ಮ ಅವನ ಕಡೆ ತಿರುಗದೆಯೇ ಕೂಗಿದಳು. "ನಾನಿನ್ನೂ ಮರ್ತಿಲ್ಲ, ಮರ್ಯದೂ ಇಲ್ಲ. ಬಂದು ಈ ಕಡೆ ಇಡ್ಕೊ."

ಸ್ವಾಮಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮಡಿಚಿಕೊಂಡಿದ್ದ ಆ ಎಡಗೈಯ ಕೆಳಗೆ ತನ್ನ ಹೆಗಲು ಕೊಟ್ಟ. ನಿಂಗಯ್ಯ ತಲೆ ತಿರುಗಿಸಿ ಅವನನ್ನು ಗುರುತಿಸಲು ನೋಡಿದ. ಗುರುತಾಯಿತೋ ಇಲ್ಲವೋ, ಮೂರನೆಯ ಹೆಜ್ಜೆ ಇಟ್ಟ.